ಕೀಲಿಗೆ ಹಚ್ಚಿದ ಆಯಿಲ್

ದುಂಡಪ್ಪ ಅಂಗಳದಲ್ಲಿ ಬೈಕಿನ ಫಿಲ್ಟರ್ ಬಿಚ್ಚಿ, ಹಳೆಯ ಆಯಿಲನ್ನು ಬೋಗುಣಿಗೆ ಇಳಿಸಿದ. ಡಬ್ಬಿಯಲ್ಲಿದ್ದ ಹೊಸ ಆಯಿಲ್ ಇಣುಕಿ ನಕ್ಕಿತು: "ಥೂ, ಇಷ್ಟು ಕಪ್ಪಾಗಲು ಒಳಗೆ ಏನು ಮಾಡುತ್ತಿದ್ದೆಯಯ್ಯಾ?"

"ಕೆಲಸ," ಎಂದಿತು ಹಳೆಯದು.

"ನನಗೆ ಹೊಸ ಫಿಲ್ಟರ್ ಇದೆ. ನಾನು ಹೀಗೇ ಜೇನಿನಂತೆ ಇರುತ್ತೇನೆ, ನೋಡುತ್ತಿರು."

ಹೊಸದು ಎಂಜಿನ್ ಸೇರಿತು. ದುಂಡಪ್ಪನ ಹೆಂಡತಿ ಚಂಪವ್ವ ಹಳೆಯದರಲ್ಲಿ ಚಿಂದಿ ಅದ್ದಿ, ದಿನವೂ ಕಿರುಗುಟ್ಟುತ್ತಿದ್ದ ಗೇಟಿನ ಕೀಲಿಗೆ ಹಚ್ಚಿದಳು.

ಎರಡು ತಿಂಗಳ ಬಳಿಕ ದುಂಡಪ್ಪ ಗೇಟಿನ ಎದುರು ಬೈಕು ನಿಲ್ಲಿಸಿ, ಆಯಿಲ್ ನೋಡುವ ಕಡ್ಡಿ ಹೊರಗೆಳೆದ. ತುದಿಯಲ್ಲಿ ಹೊಸ ಆಯಿಲ್ ಕಪ್ಪಗೆ ಅಂಟಿಕೊಂಡಿತ್ತು.

"ಚಲೋ ದುಡದೈತಿ," ಎಂದ ದುಂಡಪ್ಪ.

ಆದರೆ ಕೀಲಿನಲ್ಲಿರುವ ಹಳೆಯದು ಈಗ ಆಡಿಕೊಳ್ಳದೆ ಬಿಡುವುದಿಲ್ಲ ಎಂದು ಹೊಸದು ನಾಚಿ ಮುದುಡಿತು.

ಚಂಪವ್ವ ಬಂದು ಗೇಟು ತೆರೆದಳು. ಒಂದು ಸದ್ದೂ ಬರಲಿಲ್ಲ.