ಹೊರಗೇರಿಯ ರೊಟ್ಟಿ

ಪೂಜ್ಯ ನಿರ್ವಾಣಜ್ಜನವರು ಆಗ ಕರೇಹಳ್ಳದ ಮಠದಲ್ಲಿದ್ದರು. ಮಠವೆಂದರೆ ಏನು ಮಹಾ, ಮಣ್ಣಿನ ಮಾಳಿಗೆಯ ಒಂದು ಪಡಸಾಲೆ, ಅಷ್ಟೆ. ಸೋಮವಾರಕ್ಕೊಮ್ಮೆ ಅಜ್ಜನವರು ಜೋಳಿಗೆ ಹಿಡಿದು ಭಿಕ್ಷೆಗೆ ಹೊರಡುತ್ತಿದ್ದರು. ಬಂದ ರೊಟ್ಟಿಯಲ್ಲೇ ದಾಸೋಹ ನಡೆಯುತ್ತಿತ್ತು. ಆದರೆ ಜೋಳಿಗೆ ಹೋಗುತ್ತಿದ್ದದ್ದು ಊರೊಳಗಿನ ಮನೆಗಳಿಗೆ ಮಾತ್ರ. ಹೊರಗೇರಿಯವರು ಕಾಳು ತಂದು ಊರಬಾಗಿಲಾದ ಅಗಸಿಯ ಕಲ್ಲಿನ ಮೇಲೆ ಸುರಿದು ದೂರ ಸರಿಯಬೇಕು, ಅದಕ್ಕೆ ನೀರು ಚಿಮುಕಿಸಿ ಮಠದವರು ಒಯ್ಯಬೇಕು. ಅವರ ರೊಟ್ಟಿಯಂತೂ ಬೇಡವೇ ಬೇಡ. ಕಾಳಿಗೆ ನೀರು ಚಿಮುಕಿಸಿದರೆ ಹೋಗುವ ಮೈಲಿಗೆ ರೊಟ್ಟಿಗೇಕೆ ಅಂಟಿಕೊಂಡು ಕೂತಿತೋ, ಆ ಕಟ್ಟಳೆ ಮಾಡಿದ ಹಿರಿಯರನ್ನೇ ಕೇಳಬೇಕು.

ಹೊರಗೇರಿಯ ದುರಗವ್ವ ಎಂಬ ಮುದುಕಿಗೆ ಒಂದೇ ಆಸೆ. ಸಾಯುವುದರೊಳಗೆ ತಾನು ಬಡಿದ ರೊಟ್ಟಿ ಆ ಜೋಳಿಗೆಗೆ ಬೀಳಬೇಕು. ಈ ಮಾತು ಅಜ್ಜನವರ ಕಿವಿಗೆ ಬಿತ್ತು. ಆ ಸೋಮವಾರ ಅವರು ಊರೊಳಗಿನ ಭಿಕ್ಷೆ ಮುಗಿಸಿ, ಅಗಸಿ ದಾಟಿ, ನೆಟ್ಟಗೆ ದುರಗವ್ವನ ಬಾಗಿಲಲ್ಲಿ ನಿಂತು ಜೋಳಿಗೆ ಒಡ್ಡಿದರು. ಮುದುಕಿ ಅಳುತ್ತಲೇ ರೊಟ್ಟಿ ಹಾಕಿದಳು.

ಅಜ್ಜನವರು ಮಠಕ್ಕೆ ಮರಳುವಷ್ಟರಲ್ಲಿ ಅಡಿವೆಪ್ಪಗೌಡರು ಊರನ್ನೇ ಕಟ್ಟಿಕೊಂಡು ಪಡಸಾಲೆಯಲ್ಲಿ ಕೂತಿದ್ದರು. ಮಠಕ್ಕೆ ಜಾಗ ಕೊಟ್ಟ ಮನೆತನ ಅವರದು; ಗತ್ತಿಗೇನು ಕೊರತೆ?

“ಅಜ್ಜಾರ, ಆ ಮುದುಕಿ ರೊಟ್ಟಿ ತಗದು ಹೊರಗ ಒಗೀರಿ. ಇಲ್ಲಾಂದ್ರ ನಾಳೆಯಿಂದ ಊರಾಗ ನಿಮಗೊಂದು ತುತ್ತು ಸಿಗೂದಿಲ್ಲ. ಆಕೀನೂ ಕೇರ್ಯಾಗ ಇರೂದಿಲ್ಲ.”

ಅಜ್ಜನವರು ಜೋಳಿಗೆಯನ್ನು ಚಾಪೆಯ ಮೇಲೆ ಬರಿದು ಮಾಡಿದರು. “ಆಕೀದು ಯಾವುದು, ನೀವ ಆರಿಸ್ರಿ. ನಮಗ ತಿಳಿಯಂಗಿಲ್ಲ.”

ಗೌಡರು ಸೋಲುವ ಪೈಕಿಯಲ್ಲ. “ಮೊದಲ ನಮ್ಮನೀವು ಬ್ಯಾರೆ ಮಾಡ್ತೀನಿ” ಎನ್ನುತ್ತ ತೆಳ್ಳಗಿನದೊಂದನ್ನು ಎತ್ತಿ, ಮುರಿದು ಬಾಯಿಗಿಟ್ಟರು. “ಇದು ನಮ್ಮನೀದ. ಹೇಣ್ತಿ ಕೈರುಚಿ ನನಗ ಗೊತ್ತಿಲ್ಲೇನು?”

ಗೌಡರ ಹೆಂಡತಿ ನೀಲಗಂಗವ್ವನವರು ಕಂಬದ ಮರೆಯಲ್ಲಿ ನಿಂತಿದ್ದರು. “ಇವತ್ತ ನಾ ರೊಟ್ಟಿ ಹಾಕಿಲ್ಲರಿ” ಎಂದರು ಮೆಲ್ಲಗೆ. “ಹಿಟ್ಟಿರಲಿಲ್ಲ. ಮುಂಜಾನೆನ ಮಠಕ್ಕ ಕಾಳು ಕಳಿಸೀನಿ.”

ಉಗುಳೋಣವೆಂದರೆ ಜೋಳಿಗೆಗೆ ಬಿದ್ದದ್ದು ಪ್ರಸಾದ. ನುಂಗೋಣವೆಂದರೆ ಅದು ಯಾರ ಮನೆಯದೋ. ಪಾಪ, ಗೌಡರ ದವಡೆ ನಿಂತೇಬಿಟ್ಟಿತು.

ಅಜ್ಜನವರು ಅವರ ಕಣ್ಣಲ್ಲಿ ಕಣ್ಣಿಟ್ಟು ಹೇಳಿದರು: “ಗೌಡ್ರ, ಜಾಗ ನಿಮ್ಮದು, ಬೇಕಾದ್ರ ತಗೋರಿ. ನಾವು ಗಿಡದ ಬುಡಕ್ಕ ಕೂಡ್ತೀವಿ. ಜೋಳಿಗಿಯೊಳಗ ಮಾತ್ರ ಗೋಡಿ ಕಟ್ಟೂದಿಲ್ಲ.”

ಗೌಡರು ನುಂಗಿದರು. ಯಾರ ಮುಖವನ್ನೂ ನೋಡದೆ ಎದ್ದು ಹೋದರು. ಆ ವಾರವೆಲ್ಲ ಅವರು ಊಟಕ್ಕೆ ಕೂತಾಗ ರೊಟ್ಟಿ ಮುರಿಯುವ ಮೊದಲು ಅದನ್ನೇ ತಿರುಗಿಸಿ ತಿರುಗಿಸಿ ನೋಡುತ್ತಿದ್ದರೆಂದು ನೀಲಗಂಗವ್ವನವರೇ ಮುಂದೆ ಹೇಳುತ್ತಿದ್ದರು.

ಮರು ಸೋಮವಾರ ಅಜ್ಜನವರು ಅಗಸಿಗೆ ಬಂದಾಗ ಗೌಡರು ಅಡ್ಡ ನಿಂತಿದ್ದರು. ಜಗಳಕ್ಕೇ ಬಂದಿದ್ದಾರೆಂದು ಎಲ್ಲರೂ ಅಂದುಕೊಂಡರು. ಗೌಡರು ಮುಂಡಾಸು ತೆಗೆದು ಕಂಕುಳಲ್ಲಿಟ್ಟರು, ಅಜ್ಜನವರ ಜೋಳಿಗೆಯನ್ನು ತಮ್ಮ ಹೆಗಲಿಗೆ ಹಾಕಿಕೊಂಡು ಮುಂದೆ ನಡೆದರು. ದುರಗವ್ವನ ಬಾಗಿಲಲ್ಲಿ ನಿಂತು ಇಡೀ ಕೇರಿಗೆ ಕೇಳುವಂತೆ ಕೂಗಿದರು:

“ಯವ್ವಾ, ಅಜ್ಜಾರು ಬಂದಾರ. ಎರಡು ರೊಟ್ಟಿ ತಾ. ಒಂದು ಜೋಳಿಗಿಗೆ, ಒಂದು ನನಗ.”