ವಜೂ ನೀರಿನ ಪುದೀನ

ಒಂದು ಹಿಡಿ ಪುದೀನ ಸೊಪ್ಪಿನ ಆಸೆಗೆ ಎಂಟು ವರ್ಷದ ಹುಡುಗನೊಬ್ಬ ತನ್ನ ಊರಿಗೇ ದೊಡ್ಡ ನಮಾಜಿಯಾದ ಎಂದರೆ ನೀವು ನಂಬುವುದಿಲ್ಲ. ನಂಬಬೇಡಿ. ನಂಬಿಸಲೇಬೇಕು ಎಂಬ ದರ್ದು ನನಗಿಲ್ಲ. ನನ್ನ ಮಾತನ್ನು ಸುಳ್ಳು ಎಂದು ಪಂದ್ಯ ಕಟ್ಟಿದವರು ನಮ್ಮ ಹೋಬಳಿಯಲ್ಲಿ ಇದುವರೆಗೆ ಗೆದ್ದಿಲ್ಲ. ನೀವೂ ಕಟ್ಟಿ, ಆಮೇಲೆ ಓದಿ.

ನನ್ನ ಹೆಸರು ದಾವಲಮಲಿಕ್. ಹಕ್ಕಿಯ ಕೂಗು ಕೇಳಿದರೆ ಅದರ ಗೂಡು ಯಾವ ಮರದಲ್ಲಿದೆ ಎಂದು ಹೇಳಬಲ್ಲೆ. ಮಣ್ಣನ್ನು ಬೆರಳಲ್ಲಿ ತಿಕ್ಕಿ ಅದು ಕೆರೆಯದೋ ಹೊಲದ್ದೋ ಎಂದು ಹೇಳಬಲ್ಲೆ. ಇಂಥ ನಾನು ಜೈತುನಬಿ ಖಾಲಾ ಅವರ ಅಂಗಳದಲ್ಲಿ ಪಾಠ ಹೇಳುವುದನ್ನು ಕಲಿಯುವ ಶಿಷ್ಯನಾಗಿ ಕೂತಿದ್ದೆ. ಖಾಲಾ ನಮ್ಮ ಓಣಿಯ ಚಿಕ್ಕ ಮಕ್ಕಳಿಗೆ ಮನೆಯಲ್ಲೇ ಪಾಠ ಹೇಳುತ್ತಿದ್ದರು. ಅಕ್ಷರ, ಲೆಕ್ಕ, ಕುರಾನಿನ ಚಿಕ್ಕ ಚಿಕ್ಕ ಸೂರಾ, ಅವುಗಳ ಜೊತೆಗೇ ಬೀಜ, ಇರುವೆ, ಗರಿ, ಮಣ್ಣು. ಸೃಷ್ಟಿಸಿದವನ ಕುರುಹುಗಳನ್ನು ಮಕ್ಕಳು ಓದುವುದಕ್ಕಿಂತ ಮೊದಲು ಕೈಯಿಂದ ಮುಟ್ಟಬೇಕು ಎಂಬುದು ಅವರ ಹಟ. ಎಂಟು ಮಕ್ಕಳಿದ್ದರು. ಖಾಲಾ ಅವರಿಗೆ ವಯಸ್ಸಾಗಿತ್ತು. ಕೆಲವು ಮಕ್ಕಳನ್ನಾದರೂ ಪಾಠಕ್ಕೆ ಯಾರಿಗಾದರೂ ಒಪ್ಪಿಸಬೇಕಾಗಿತ್ತು. ಆ ಯಾರಾದರೂ ನಾನೇ ಎಂದು ನಾನು ತೀರ್ಮಾನ ಮಾಡಿದ್ದೆ. ಖಾಲಾ ಇನ್ನೂ ಮಾಡಿರಲಿಲ್ಲ.

ಆ ವಾರ ಮಕ್ಕಳು ಬೇಸಿಗೆಯ ಹಕ್ಕಿಗಳಿಗೆಂದು ಕೆರೆಮಣ್ಣಿನಲ್ಲಿ ನೀರಿನ ಬಟ್ಟಲು ಮಾಡಿ, ಬೆರಣಿಯ ಬೆಂಕಿಯಲ್ಲಿ ಸುಟ್ಟಿದ್ದರು. ಒಂದೂ ನೀರು ಹಿಡಿಯಲಿಲ್ಲ. ಶುಕ್ರವಾರ ನಮಾಜು ಮುಗಿದ ಮೇಲೆ ತಂದೆತಾಯಿಗಳು ನೋಡಲು ಬರುವವರಿದ್ದರು. ನಾನು ಖಾಲಾ ಅವರನ್ನು ಕೇಳಿದೆ:

"ಖಾಲಾ, ಮಕ್ಕಳು ಮಾಡಿದ್ದು ಕೆಟ್ಟರೆ ನಾವು ಸರಿಮಾಡಿ ಕೊಡಬಾರದೇ? ನನಗೆ ಒಂದು ಗಂಟೆ ಸಾಕು. ಎಂಟು ಬಟ್ಟಲು ತಟ್ಟಿ ಕೊಡುತ್ತೇನೆ, ಒಂದು ಹನಿ ಸೋರುವುದಿಲ್ಲ. ಮೇಲೆ ಮಕ್ಕಳ ಬೆರಳು ಒತ್ತಿಸಿಬಿಡೋಣ. ಬಂದವರು ಮೂಗಿನ ಮೇಲೆ ಬೆರಳಿಡಬೇಕು."

ಖಾಲಾ ಅಕ್ಕಿ ಆರಿಸುತ್ತಿದ್ದರು. ಮೊರ ಕೆಳಗಿಟ್ಟರು.

"ಕೂತುಕೋ ದಾವಲಾ. ಕಾಲಿಗೆ ಇರುವೆ ಹತ್ತಿದವನ ಹಾಗೆ ಆಡಬೇಡ" ಎಂದು ಈ ಕತೆ ಹೇಳಿದರು.

ಒಂದು ಊರಿನಲ್ಲಿ ಒಬ್ಬ ವ್ಯಾಪಾರಿ ಇದ್ದ. ಅವನಿಗೆ ಒಬ್ಬ ಮಗ, ಒಬ್ಬಳು ಮಗಳು. ವ್ಯಾಪಾರಿ ಊರೂರು ತಿರುಗುವವನು. ಮಕ್ಕಳಿಗೆ ತಾಯಿಯೇ ಮನೆಯಲ್ಲಿ ಪಾಠ ಹೇಳುತ್ತಿದ್ದಳು. ಒಮ್ಮೆ ವ್ಯಾಪಾರಿ ಮನೆಗೆ ಬಂದಾಗ ಮಗನ ಉಗುರಿನ ತುಂಬ ಮಣ್ಣಿತ್ತು. ಮಗಳ ಲಂಗದ ತುಂಬ ಹುಣಸೆಬೀಜವಿತ್ತು. ವ್ಯಾಪಾರಿಗೆ ಸರಿಬರಲಿಲ್ಲ.

"ಬಕ್ರೀದಿಗೆ ಬರುತ್ತೇನೆ. ಇವರು ಕಲಿತದ್ದು ನನ್ನ ಕಣ್ಣಿಗೆ ಕಾಣಬೇಕು. ಕಾಣದಿದ್ದರೆ ಇಬ್ಬರನ್ನೂ ಪೇಟೆಗೆ ಕರೆದುಕೊಂಡು ಹೋಗಿ ಅಣ್ಣನ ಮನೆಯಲ್ಲಿ ಬಿಡುತ್ತೇನೆ. ಅಲ್ಲೇ ಇದ್ದು ಶಾಲೆಗೆ ಹೋಗಲಿ" ಎಂದ.

ತಾಯಿ ಆಗಲಿ ಎಂದಳು. ಮಕ್ಕಳಿಲ್ಲದ ಮನೆ ಅವಳಿಗೆ ಬೇಡವಾಗಿತ್ತು. ಆದರೂ ಪಾಠ ಬದಲಿಸಲಿಲ್ಲ.

ಅವಳು ಹಿತ್ತಲಿನಲ್ಲಿ ಎರಡು ಚಪ್ಪಡಿ ಕಲ್ಲು ಹಾಕಿಸಿದಳು. ಒಂದೊಂದರ ಬುಡಕ್ಕೆ ಒಂದೊಂದು ಪುಟ್ಟ ಮಡಿ. ಮಕ್ಕಳೇ ಅಗೆದರು. ಮಕ್ಕಳೇ ಪುದೀನ ಕಡ್ಡಿ ನೆಟ್ಟರು. ತಾಯಿ ಹೇಳಿದಳು: "ನಮಾಜಿಗೆ ಮುಂಚೆ ಇಲ್ಲೇ ಕೂತು ವಜೂ ಮಾಡಿ. ನಿಮ್ಮ ಕೈ, ಮುಖ, ಕಾಲು ತೊಳೆದು ಇಳಿದ ನೀರು ನಿಮ್ಮ ಮಡಿಗೆ. ಬೇರೆ ನೀರು ಹಾಕುವಂತಿಲ್ಲ. ನಿಮ್ಮ ಗಿಡ, ನಿಮ್ಮ ಪಾಡು."

ಮಗಳಿಗೆ ಐದು ವರ್ಷ. ಅವಳು ಪುಟ್ಟ ತಂಬಿಗೆಯಲ್ಲಿ ವಜೂ ಮಾಡುತ್ತಿದ್ದಳು. ಕೆಲವು ಸಲ ಎಡಗಾಲು ತೊಳೆಯುವುದನ್ನೇ ಮರೆಯುತ್ತಿದ್ದಳು. ಎಲೆಗಳಿಗೆಲ್ಲ ಹೆಸರಿಟ್ಟು ಅವುಗಳ ಜೊತೆ ಜಗಳವಾಡುತ್ತಿದ್ದಳು. ಅವಳ ಗಿಡ ಬೆಳೆಯಿತು.

ಮಗ ಹಾಗಲ್ಲ. ಊರಿನಲ್ಲಿ ಯಾರೂ ಬೆಳೆಯದಂಥ ಪುದೀನ ತಾನು ಬೆಳೆಯಬೇಕು ಎಂದುಕೊಂಡ. ದೊಡ್ಡ ತಂಬಿಗೆ ಹಿಡಿದ. ತಂಬಿಗೆ ಬಿಟ್ಟು ಬಿಂದಿಗೆ ಹಿಡಿದ. ಹೊಳೆಯ ದಂಡೆಯಲ್ಲಿ ಕೂತರೂ ವಜೂವಿಗೆ ನೀರು ಪೋಲು ಮಾಡಬಾರದೆಂಬ ಪೈಗಂಬರರ ಮಾತು ಅವನಿಗೆ ಬಾಯಿಪಾಠವಾಗಿತ್ತು. ಅದನ್ನು ರಾಗವಾಗಿ ಹೇಳಿಕೊಳ್ಳುತ್ತಲೇ ಸುರಿಯುತ್ತಿದ್ದ.

ನಾನು ನಕ್ಕೆ. ಖಾಲಾ ನಗಲಿಲ್ಲ. ಮುಂದಕ್ಕೆ ಹೇಳಿದರು.

ನೆಲ ಎರೆಮಣ್ಣಿನದು. ನೀರು ನಿಂತಿತು. ಹುಡುಗನ ಪುದೀನ ಹಳದಿಯಾಯಿತು. ತಾಯಿ ಕೇಳಿದಳು:

"ನಿನ್ನ ಗಿಡ ಏನು ಹೇಳುತ್ತಿದೆ?"

"ಬಾಯಾರಿಕೆ ಅಂತಿದೆ ಅಮ್ಮೀ."

"ಸರಿಯಾಗಿ ಕೇಳಿಸಿಕೊಂಡೆಯಾ?"

"ನನ್ನ ಗಿಡದ ಮಾತು ನನಗೆ ತಿಳಿಯಲ್ವಾ?"

ತಾಯಿ ತನ್ನ ಕೆಲಸಕ್ಕೆ ಹೋದಳು. ಹುಡುಗ ದಾರಿ ಹುಡುಕಿದ. ವಜೂವಿನ ನೀರು ಮಾತ್ರ ಗಿಡಕ್ಕೆ ಎಂದಮೇಲೆ ವಜೂ ಹೆಚ್ಚಬೇಕು. ವಜೂ ಹೆಚ್ಚಬೇಕಾದರೆ ನಮಾಜು ಹೆಚ್ಚಬೇಕು. ಐದು ಹೊತ್ತಿನದು ಸಾಲದೆ ಬಿಸಿಲೇರಿದಾಗಿನದು, ಮಲಗುವ ಮುಂಚಿನದು ಎಂದು ಇದ್ದಬದ್ದ ನಮಾಜನ್ನೆಲ್ಲ ಹಿಡಿದ. ಮಸೀದಿಯಲ್ಲಿ ಹಿರಿಯರ ಬಳಿ ಹೋಗಿ, "ದಾದಾ, ಇನ್ನೂ ಯಾವುದಾದರೂ ನಮಾಜು ಉಳಿದಿದೆಯಾ?" ಎಂದು ಕೇಳಿದ. ಹಿರಿಯರ ಕಣ್ಣು ತುಂಬಿತು. "ಈ ಮಗು ದೊಡ್ಡದಾದರೆ ನಾವೆಲ್ಲ ಇದರ ಹಿಂದೆ ಸಾಲಾಗಿ ನಿಲ್ಲಬೇಕಾದೀತು" ಎಂದರು. ಊರೆಲ್ಲ ತಾಯಿಯನ್ನು ಹೊಗಳಿತು. ಪುದೀನ ಮಾತ್ರ ನೆಲಕ್ಕೆ ಒರಗಿತು.

ಹಬ್ಬಕ್ಕೆ ಎರಡು ದಿನ ಉಳಿದಿತ್ತು. ಹುಡುಗ ಮಡಿಯ ಮುಂದೆ ಬಹಳ ಹೊತ್ತು ಕುಕ್ಕರುಗಾಲಿನಲ್ಲಿ ಕೂತಿದ್ದ. ಬೆರಳಿನಿಂದ ಮಣ್ಣು ಕೆದಕಿದ. ಮೂಸಿದ. ಮುಖ ಸಿಂಡರಿಸಿದ.

"ಅಮ್ಮೀ, ಕೆಳಗೆ ಏನೋ ಆಗಿದೆ. ನಾಳೆ ಕಿತ್ತು ನೋಡುತ್ತೇನೆ" ಎಂದ.

ತಾಯಿಗೆ ಹಬ್ಬ ಅಂದೇ ಬಂದಂತಾಯಿತು.

ಮರುದಿನ ಅವಳ ತಮ್ಮ ಬಂದ. ಹಬ್ಬದ ಹೋತವನ್ನು ಹೊಡೆದುಕೊಂಡು, ಮಕ್ಕಳಿಗೆ ಹೊಸ ಬಟ್ಟೆ ಹೊತ್ತುಕೊಂಡು ಬಂದ. ಅವನ ಕೈ ಬಹಳ ಚುರುಕು. ಮುರಿದದ್ದನ್ನು ಕಂಡರೆ ಜೋಡಿಸದೆ ಬಿಡುವವನಲ್ಲ. ಅಕ್ಕನ ಮಕ್ಕಳೆಂದರೆ ಪ್ರಾಣ. ಭಾವ ಹೇಳಿ ಹೋದ ಮಾತು ಕೇಳಿದ. ಹಿತ್ತಲಿಗೆ ಹೋಗಿ ಒರಗಿದ ಗಿಡ ಕಂಡ. ಮಕ್ಕಳು ಒಳಗೆ ಕುರಾನ್ ಓದುತ್ತಿದ್ದರು, ಅಕ್ಕ ಒಲೆಯ ಮುಂದಿದ್ದಳು. ಅವನು ಸಂತೆಗೆ ಓಡಿ ಬೇರುಸಹಿತ ಪುದೀನದ ಕಟ್ಟು ತಂದ. ಕೊಳೆತದ್ದನ್ನು ಕಿತ್ತು ಗೋಡೆಯಾಚೆ ಹೋತದ ಮುಂದೆ ಎಸೆದ. ಹೊಸದನ್ನು ನೆಟ್ಟು, ಮಣ್ಣು ಸಮ ಮಾಡಿ, ಕೈ ತೊಳೆದು, ಏನೂ ತಿಳಿಯದವನ ಹಾಗೆ ಹೋತದ ಗಡ್ಡ ಸವರುತ್ತ ನಿಂತ.

ಆ ಸೋದರಮಾವ ನನಗೆ ಬಹಳ ಹಿಡಿಸಿದ. "ಗಂಡಸು ಅಂದರೆ ಇವನು. ನಾನಿದ್ದರೂ ಅದನ್ನೇ ಮಾಡುತ್ತಿದ್ದೆ. ಇನ್ನೂ ಚೆನ್ನಾಗಿ ಮಾಡುತ್ತಿದ್ದೆ" ಎಂದೆ.

"ಗೊತ್ತು" ಎಂದರು ಖಾಲಾ.

ಓದು ಮುಗಿಸಿ ಬಂದ ಹುಡುಗ ಹಸಿರು ಗಿಡ ಕಂಡು ಕುಣಿದ. "ಹೇಳಲಿಲ್ವಾ ಅಮ್ಮೀ, ಅದಕ್ಕೆ ಬಾಯಾರಿಕೆಯೇ ಆಗಿದ್ದದ್ದು" ಎಂದು ಕೂಗಿ, ಒಂದು ಕೊಡ ನೀರು ಹೊತ್ತು ತಂದು ವಜೂ ಮಾಡಿದ. ಕೊಡ ಬರಿದಾಯಿತು. ಕಿತ್ತು ನೋಡುವ ಮಾತು ಅವನಿಗೆ ನೆನಪಿರಲಿಲ್ಲ. ತಾಯಿ ಗಿಡ ನೋಡಿದಳು. ತಮ್ಮನ ಮುಖ ನೋಡಿದಳು, ಗೋಡೆಯಾಚೆ ಹೋತದ ಬಾಯಿಂದ ನೇತಾಡುತ್ತಿದ್ದ ಹಳದಿ ಎಲೆ ನೋಡಿದಳು. ಅವಳು ಬಾಯಿ ತೆರೆಯುವಷ್ಟರಲ್ಲಿ ವ್ಯಾಪಾರಿ ಬಾಗಿಲಲ್ಲಿ ಸಲಾಂ ಹೇಳಿದ.

ಅವನು ಚಪ್ಪಲಿ ಬಿಡುವುದಕ್ಕೂ ಮಗ ಬಿಡಲಿಲ್ಲ. ಕೈ ಹಿಡಿದು ಹಿತ್ತಲಿಗೆ ಎಳೆದ. "ಅಬ್ಬಾ, ಗಿಡ ಸಾಯುತ್ತಿತ್ತು. ನಾನು ಹೆಚ್ಚೆಚ್ಚು ನೀರು ಸುರಿದೆ. ಬದುಕಿತು. ಸಾಯುವ ಗಿಡಕ್ಕೆ ಸುರಿಯುತ್ತಲೇ ಇರಬೇಕು" ಎಂದ. ವ್ಯಾಪಾರಿ ಬೇಸಾಯ ಅರಿಯದವನು. ಗಿಡ ಹಸಿರಾಗಿತ್ತು. ಮಗನ ನಮಾಜಿನ ಸುದ್ದಿಯನ್ನು ದಾರಿಯಲ್ಲೇ ಹಿರಿಯರು ಹೇಳಿದ್ದರು. ಅವನು ಹೆಂಡತಿಯ ಕಡೆ ತಿರುಗಿ, "ಇವರು ಇಲ್ಲೇ ಇರಲಿ. ನಿನ್ನ ಪಾಠ ಚೆನ್ನಾಗಿದೆ" ಎಂದ.

ತಮ್ಮ ಅಕ್ಕನಿಗೆ ಕಣ್ಣು ಮಿಟುಕಿಸಿದ.

ತಾಯಿ ಹೇಳಿದಳು: "ಈ ಗಿಡ ಅವನದಲ್ಲ. ಅವನ ಗಿಡ ಸತ್ತಿತು."

ಇಲ್ಲಿ ನನಗೆ ತಡೆಯಲಾಗಲಿಲ್ಲ. "ಖಾಲಾ, ಆ ಹೆಂಗಸಿಗೆ ತಲೆ ಸರಿ ಇತ್ತೇ? ಗೆದ್ದಾಗಿತ್ತಲ್ಲ. ಮಕ್ಕಳು ಉಳಿದಿದ್ದರು. ಬಾಯಿಗೆ ಬಂದ ತುತ್ತನ್ನು ಯಾರಾದರೂ ಉಗುಳುತ್ತಾರೆಯೇ?"

"ನೀನು ಉಗುಳುತ್ತಿರಲಿಲ್ಲ" ಎಂದು ಖಾಲಾ ಮುಂದುವರಿಸಿದರು.

ವ್ಯಾಪಾರಿಯ ಮುಖ ಗಂಟಾಯಿತು. "ಹಾಗಾದರೆ ನನಗೆ ತೋರಿಸಲು ಏನಿದೆ?" ಎಂದ.

"ಗೋಡೆಯಾಚೆ ಇದೆ" ಎಂದಳು ತಾಯಿ.

ಹುಡುಗ ಗೋಡೆ ಹತ್ತಿ ಆಚೆ ಇಳಿದ. ಹೋತ ಎಲೆಗಳನ್ನೆಲ್ಲ ತಿಂದಿತ್ತು. ಬೇರನ್ನು ಮೂಸಿ ಬಿಟ್ಟಿತ್ತು. ಹುಡುಗ ಬೇರನ್ನು ಹಿಡಿದು ಬಂದ. ಅದು ಕಪ್ಪಗೆ ಲೋಳೆಯಾಗಿತ್ತು. ಬೆರಳಿನ ನಡುವೆ ಜಾರಿತು. ತಂಗಿ ಮೂಗು ಮುಚ್ಚಿಕೊಂಡು, "ಥೂ, ನಮ್ಮ ಹೋತಕ್ಕಿರೋ ಬುದ್ಧಿನೂ ನಿನಗಿಲ್ಲ" ಎಂದಳು. ಹುಡುಗ ಅವಳ ಮಡಿಯ ಬಳಿ ಹೋಗಿ, ಕೇಳದೆಯೇ ಒಂದು ಕಡ್ಡಿ ಕಿತ್ತ. ಅವಳು ಬೆನ್ನಿಗೆ ಗುದ್ದಿದಳು. ಅವನು ಲೆಕ್ಕಿಸಲಿಲ್ಲ. ಅದರ ಬೇರು ಬೆಳ್ಳಗೆ ಗಟ್ಟಿಯಾಗಿತ್ತು. ಎರಡನ್ನೂ ಅಂಗೈಯಲ್ಲಿ ಪಕ್ಕಪಕ್ಕ ಇಟ್ಟು ನೋಡಿದ.

"ಅಬ್ಬಾ, ಇದಕ್ಕೆ ಬಾಯಾರಿಕೆ ಆಗಿರಲಿಲ್ಲ. ಇದು ಮುಳುಗಿ ಸತ್ತಿದೆ" ಎಂದ.

"ಮುಳುಗಿಸಿದ್ದು ಯಾರು?"

"ನಾನೇ. ಪೈಗಂಬರರ ಮಾತು ಹೇಳುತ್ತಾ ಹೇಳುತ್ತಾ ಮುಳುಗಿಸಿದೆ."

ಹಾಗೆಂದವನು ಮಾವ ನೆಟ್ಟ ಹೊಸ ಗಿಡದ ಕಡೆ ತಿರುಗಿದ. ಅದರ ಸುತ್ತ ನೀರು ನಿಂತಿತ್ತು. "ಇದೂ ಸಾಯುತ್ತೆ, ಈಗತಾನೆ ಒಂದು ಕೊಡ ಹೊಯ್ದೆ" ಎಂದು ಮಂಡಿಯೂರಿ ಕಾಲುವೆ ತೋಡತೊಡಗಿದ. ತಂಗಿಯೂ ಕೈ ಹಾಕಿದಳು. ಕೆಸರು ವ್ಯಾಪಾರಿಯ ಬಿಳಿ ಜುಬ್ಬಾಕ್ಕೆ ಹಾರಿತು. ಅವನು ಸ್ವಲ್ಪ ಹೊತ್ತು ನಿಂತು ನೋಡಿದ. ಆಮೇಲೆ ಜುಬ್ಬಾದ ತೋಳು ಮಡಚಿ ತಾನೂ ತೋಡಲು ಕೂತ.

ಸಂಜೆಗೆ ಮುಂಚಿನ ಅಜಾನ್ ಕೇಳಿತು. ಹುಡುಗ ತಂಗಿಯ ಪುಟ್ಟ ತಂಬಿಗೆಯಲ್ಲಿ ವಜೂ ಮಾಡಿದ. ಮುಗಿದಾಗ ಅದರಲ್ಲಿ ಇನ್ನೂ ನೀರು ಉಳಿದಿತ್ತು. ಅವನು ಅದನ್ನು ಎಲ್ಲರಿಗೂ ಬಗ್ಗಿಸಿ ತೋರಿಸಿದ. ವ್ಯಾಪಾರಿ ಅಭ್ಯಾಸದಂತೆ ಬಿಂದಿಗೆ ಎತ್ತಿದ. ಮಗಳು ಅದನ್ನು ಎರಡೂ ಕೈಯಿಂದ ಹಿಡಿದುಕೊಂಡಳು.

"ಅಬ್ಬಾ, ಇದು ಪುದೀನದ ಹೊಟ್ಟೆ, ಒಂಟೆಯದಲ್ಲ."

ವ್ಯಾಪಾರಿ ನಕ್ಕು ನಕ್ಕು ಕಲ್ಲಿನ ಮೇಲೆ ಕೂತುಬಿಟ್ಟ. ತಾಯಿ ಸೆರಗಿನಲ್ಲಿ ಮುಖ ಒರೆಸಿಕೊಂಡು ನಕ್ಕಳು. ಹಬ್ಬ ಕಳೆದ ಮೇಲೆ ವ್ಯಾಪಾರಿ ಹೊರಟ. ಮಕ್ಕಳನ್ನು ಕರೆದೊಯ್ಯಲಿಲ್ಲ.

ಖಾಲಾ ಮೊರ ಎತ್ತಿಕೊಂಡರು. ಕತೆ ಮುಗಿದಿತ್ತು. ನನಗೆ ಮುಗಿದಿರಲಿಲ್ಲ.

"ಎಲ್ಲ ಸರಿ ಖಾಲಾ. ಪಾಪ, ಆ ಸೋದರಮಾವನ ಸುದ್ದಿಯೇ ಇಲ್ಲವಲ್ಲ. ಅವನೇನಾದ?"

ಖಾಲಾ ಅಕ್ಕಿಯಿಂದ ಕಣ್ಣೆತ್ತಲಿಲ್ಲ.

"ಅವನು ಇನ್ನೂ ಕೇಳುತ್ತಲೇ ಇದ್ದಾನೆ ದಾವಲಾ, ನಾನು ಮಗುವಿಗೆ ಗಿಡ ಕೊಟ್ಟೆನಲ್ಲ, ಆ ಮಗುವಿನಿಂದ ಕಿತ್ತುಕೊಂಡದ್ದಾದರೂ ಏನು ಅಂತ."

ಖಾಲಾ ಅಕ್ಕಿಯಲ್ಲಿ ಕಲ್ಲು ಆರಿಸುವ ಸದ್ದು ಕೇಳುತ್ತ ಕೂತೆ.

ಶುಕ್ರವಾರ ತಂದೆತಾಯಿಗಳ ಎದುರಿಗೆ ಎಂಟೂ ಬಟ್ಟಲು ಸೋರಿದವು. ನಾನು ಮುಟ್ಟಿರಲಿಲ್ಲ. ಮಣ್ಣಿನಲ್ಲಿ ಹುಲ್ಲು ಉಳಿದಿತ್ತು ಎಂದು ಒಂದು ಮಗು, ನೆರಳಲ್ಲಿ ಒಣಗಿಸದೆ ಬೆಂಕಿಗೆ ಹಾಕಿದೆವು ಎಂದು ಇನ್ನೊಂದು ಮಗು, ಒಂದರ ಮೇಲೊಂದು ಬಿದ್ದು ವಾದ ಮಾಡಿದವು. ತಂದೆಯರಲ್ಲಿ ಇಬ್ಬರು ವಾದಕ್ಕೆ ಸೇರಿಕೊಂಡರು, ಸೋತರು. ಯಾರೂ ತಮ್ಮ ಮಗುವನ್ನು ಬಿಡಿಸಿಕೊಂಡು ಹೋಗಲಿಲ್ಲ. ನಾನು ಅಷ್ಟು ಹೊತ್ತೂ ಕೈ ಕಟ್ಟಿ ಕೂತಿದ್ದೆ. ನನ್ನಷ್ಟು ಚೆನ್ನಾಗಿ ಕೈ ಕಟ್ಟಿ ಕೂರುವವರು ನಮ್ಮ ಹೋಬಳಿಯಲ್ಲಿ ಇನ್ನೊಬ್ಬರಿಲ್ಲ.

ಶನಿವಾರ ಖಾಲಾ ನನಗೆ ನಾಲ್ಕು ಮಕ್ಕಳನ್ನು ಕೊಟ್ಟರು.