ಹೆಪ್ಪು ಹಿಡಿಯದ ಹಾಲು

ಮಲಪ್ರಭೆಯ ದಂಡೆಯಲ್ಲಿ ಒಂದು ಆಶ್ರಮ. ಬೆಳಗ್ಗೆ ಗುರುಗಳು ಕಟ್ಟೆಯ ಮೇಲೆ ಕೂತಿದ್ದಾಗ ಶಿಷ್ಯ ಈರಯ್ಯ ಕೊಟ್ಟಿಗೆಯಿಂದ ಓಡೋಡಿ ಬಂದ. ಕೈಯಲ್ಲಿ ತುಂಬಿದ ಬಿಂದಿಗೆ, ಮುಖದಲ್ಲಿ ಹಬ್ಬ.

"ಅಜ್ಜಾರ, ಕಪಿಲಿ ಗೆದ್ದಳ್ರಿ! ಕೆಚ್ಚಲ ಬಾವು ಪೂರಾ ಇಳದೈತಿ. ಹಾಲು ನೋಡ್ರಿ, ಎಷ್ಟ ಬೆಳ್ಳಗ ಐತಿ!"

ಆಶ್ರಮದ ಹಸು ಕಪಿಲಿ ಉಳಿಯುವುದಿಲ್ಲ ಎಂದೇ ಎಲ್ಲರೂ ಅಂದುಕೊಂಡಿದ್ದರು. ಮೂರು ದಿನ ಇಂಜೆಕ್ಷನ್ ಬಿದ್ದಿತ್ತು. ಅಷ್ಟೂ ದಿನ ಈರಯ್ಯ ಕೊಟ್ಟಿಗೆಯಲ್ಲೇ ಉಂಡಿದ್ದ, ಅಲ್ಲೇ ಮಲಗಿದ್ದ. ಇವತ್ತು ಅವನ ಕಾಲು ನೆಲದ ಮೇಲೆ ನಿಲ್ಲುತ್ತಿರಲಿಲ್ಲ.

ಗುರುಗಳೂ ನಕ್ಕರು. "ಭಾಳ ಚಲೋ ಆತು. ಈ ಹಾಲು ಎಲ್ಲಿಗೆ ಹೊಂಟೈತಿ?"

"ನಮ್ಮ ಸಾಲಿ ಹುಡುಗೂರಿಗ್ರಿ. ಇನ್ನೊಂದ ಆಕಳ ಚಂದ್ರಿ ಕೊಡೋ ಒಂದ ಚರಿಗಿ ಹಾಲು ನಲವತ್ತು ಮಕ್ಕಳಿಗೆ ಎಲ್ಲಿ ಸಾಲತೈತಿ? ವಾರದಿಂದ ಬರೇ ಗಂಜಿ ಕುಡ್ಯಾಕತ್ತಾವ, ಪಾಪ."

"ದನದ ಡಾಕ್ಟರು ಏನ ಹೇಳಿದ್ರು?"

ಈರಯ್ಯನ ದನಿ ತಗ್ಗಿತು. "ಕಡೀ ಇಂಜೆಕ್ಷನ್ ಆದಮ್ಯಾಲ ಐದು ದಿನ ಹಾಲು ಚೆಲ್ರಿ ಅಂದಾರ. ಇವತ್ತು ಎರಡನೇ ದಿನ. ಆದ್ರ ಚಲೋತ್ನಾಗ ಕಾಯಿಸಿದ್ರ ಎಲ್ಲಾ ಹೋಗತೈತಲ್ರಿ!"

"ಹಂಗಾರ ಕಾಯಿಸು. ಒಂದು ಗಡಿಗಿಗೆ ಕಪಿಲಿ ಹಾಲು, ಇನ್ನೊಂದಕ್ಕ ಚಂದ್ರಿ ಹಾಲು. ಎರಡಕ್ಕೂ ಒಂದ ಹೆಪ್ಪು ಹಾಕು. ಹುಡುಗೂರು ಇವತ್ತೂ ಗಂಜಿ ಕುಡೀಲಿ."

ಮುದುಕರಿಗೆ ಮೊಸರಿನ ಚಪಲ ಹತ್ತಿತೇನೋ ಎಂದು ಈರಯ್ಯ ಗೊಣಗಿದ. ಗೊಣಗುತ್ತಲೇ ಹಾಲನ್ನು ಮೂರು ಸಲ ಉಕ್ಕಿಸಿದ, ಆರಿಸಿದ, ಹೆಪ್ಪು ಹಾಕಿದ.

ಮರುದಿನ ಬೆಳಗ್ಗೆ ಚಂದ್ರಿಯ ಗಡಿಗೆಯನ್ನು ವಾಲಿಸಿದ. ಮೊಸರು ಅಲುಗಲಿಲ್ಲ. ಕಪಿಲಿಯದನ್ನು ವಾಲಿಸಿದ. ಹಾಲು ಹಾಲಾಗಿಯೇ ಹರಿದು ಅವನ ಪಾದದ ಮೇಲೆ ಬಿತ್ತು.

"ಅಜ್ಜಾರ! ಅದ ಹೆಪ್ಪು, ಅದ ಒಲಿ, ಅದ ಕೈರಿ! ಇದು ಮಾತ್ರ ಹಿಡದಿಲ್ಲ!"

"ಹಂಗಾರ ಹೆಪ್ಪನ್ನ ಕೊಂದವರು ಯಾರು?"

ಈರಯ್ಯ ಗಡಿಗೆಯೊಳಗೆ ಇಣುಕಿದ.

"ಮದ್ದು! ಬಾವಿನ ಕ್ರಿಮಿ ಕೊಂದ ಮದ್ದು ಇನ್ನೂ ಹಾಲಿನ್ಯಾಗ ಐತ್ರಿ, ಹೆಪ್ಪನ್ನೂ ಕೊಂದೈತ್ರಿ! ಕಾಯಿಸಿದ್ರೂ ಹೋಗಿಲ್ರಿ! ಅಜ್ಜಾರ, ಇದನ್ನ ನಾನು ಆ ಕೂಸುಗಳಿಗೆ ಕುಡಸ್ತಿದ್ದೆ!"

ಗಡಿಗೆ ಎತ್ತಿಕೊಂಡು ಓಡಿದ. ಹಿತ್ತಲಲ್ಲಿ ಗುಂಡಿ ತೋಡಿ ಅಷ್ಟನ್ನೂ ಸುರಿದು ಮಣ್ಣು ಮುಚ್ಚಿದ. ಏದುಸಿರು ಬಿಡುತ್ತ ಮರಳಿ ಬಂದವನ ಕಣ್ಣಲ್ಲಿ ನೀರಿತ್ತು.

"ಆದ್ರ ಕಪಿಲಿಗೆ ಆರಾಮಾಗೇತಲ್ರಿ! ನಾನ ಕಣ್ಣಾರೆ ನೋಡೇನಿ."

ಗುರುಗಳು ಅವನ ಮಣ್ಣುಗೈ ಹಿಡಿದು ಪಕ್ಕದಲ್ಲಿ ಕೂರಿಸಿಕೊಂಡರು.

"ಆಕೀಗೆ ಆರಾಮಾದದ್ದು ನಿನಗ ಗೊತ್ತಾತು, ಈರಯ್ಯ. ಮದ್ದಿಗೆ ಇನ್ನೂ ಗೊತ್ತಾಗಿಲ್ಲ."